ಬೂದಿ ಬುಧವಾರದಿಂದ ಪೆಂತೆಕೋಸ್ತ್‌ವರೆಗೆ: ಮಲೆನಾಡಿನ ಮನೆಯಲ್ಲಿ ತಪಸ್ಸುಕಾಲ ಆಚರಿಸುವ ಬಗೆ

ಬೂದಿ ಬುಧವಾರಕ್ಕೆ ಒಂದು ವಾರ ಇರುವಾಗ ನಮ್ಮ ಚರ್ಚಿನಲ್ಲಿ ತಪ್ಪದೆ ಒಂದು ಪ್ರಕಟಣೆ ಬರುತ್ತದೆ. "ಮನೆಯಲ್ಲಿರುವ ಹಳೇ ಗರಿಗಳನ್ನು ತಂದುಕೊಡಿ." ಮನೆಗೆ ಬಂದು ದೇವರ ಪಟದ ಹಿಂದೆ ಕೈ ಹಾಕಿದರೆ ಹೋದ ವರ್ಷದ ಗರಿಗಳ ಭಾನುವಾರ ಚರ್ಚಿನಿಂದ ತಂದ ತೆಂಗಿನ ಗರಿ ಸಿಗುತ್ತದೆ. ಒಣಗಿ ಬೆಲ್ಲದ ಬಣ್ಣಕ್ಕೆ ತಿರುಗಿರುತ್ತದೆ. ಜೊತೆಗೆ ಜೇಡರ ಬಲೆ, ಒಂದೆರಡು ಹಲ್ಲಿ ಮೊಟ್ಟೆ. ಕೊಡವಿ, ಪೇಪರಿನಲ್ಲಿ ಸುತ್ತಿ ಚರ್ಚಿಗೆ ಕೊಡುತ್ತೇವೆ. ಅದನ್ನೇ ಸುಟ್ಟು, ಜರಡಿ ಹಿಡಿದು, ನಮ್ಮ ಹಣೆಗೆ ಹಚ್ಚುವ ಬೂದಿ ಮಾಡುತ್ತಾರೆ. ಬೂದಿ ಬುಧವಾರದಿಂದ ಪಾಸ್ಖ (ಈಸ್ಟರ್) ಹಬ್ಬದವರೆಗಿನ ನಲವತ್ತು ದಿನವೇ ತಪಸ್ಸುಕಾಲ. ಆದ್ದರಿಂದ ನಿಮ್ಮ ತಪಸ್ಸುಕಾಲದ ಮೊದಲ ಕೆಲಸ ಪಟದ ಹಿಂದೆ ಇದೆ. ಇವತ್ತೇ ನೋಡಿ.

ಚಿಕ್ಕಮಗಳೂರು ಜಿಲ್ಲೆಯ ಒಂದು ತೋಟದ ಕಡೆಯ ಕಥೋಲಿಕ ಚರ್ಚಿನಲ್ಲಿ ನಾನು ಭಾನುವಾರ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತೇನೆ. ಮಕ್ಕಳಿಗಿಂತ ಅಪ್ಪ ಅಮ್ಮಂದಿರ ಪ್ರಶ್ನೆಗಳೇ ಜಾಸ್ತಿ. ಮೀನು ತಿನ್ನಬಹುದಾ? ಚರ್ಚಿನ ಪೂಜೆಗೆ ಮೊದಲು ಕಾಫಿ ಕುಡಿಯಬಹುದಾ? ಗುರುಗಳ ಹತ್ತಿರ ಪಾಪನಿವೇದನೆ (ಕನ್ಫೆಶನ್) ಮಾಡಿ ಎಂಟು ವರ್ಷ ಆಯ್ತು, ಈಗ ಹೋಗಿ ಏನು ಹೇಳೋದು? ಆ ಪ್ರಶ್ನೆಗಳನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡೇ ಇದನ್ನು ಬರೆದಿದ್ದೇನೆ.

ಮೊದಲು ಕ್ಯಾಲೆಂಡರ್

ಪಾಸ್ಖ ಹಬ್ಬದ ದಿನಾಂಕ ಪ್ರತಿ ವರ್ಷ ಬದಲಾಗುತ್ತದೆ. ಮಾರ್ಚ್ 21 ಅಥವಾ ಅದರ ನಂತರ ಬರುವ ಹುಣ್ಣಿಮೆ ಯಾವುದೋ, ಅದಾದ ಮೇಲಿನ ಮೊದಲ ಭಾನುವಾರವೇ ಪಾಸ್ಖ. ಈ ಹುಣ್ಣಿಮೆಗೆ ಧರ್ಮಸಭೆಯದ್ದೇ, ಅಂದರೆ ಇಡೀ ಚರ್ಚಿನದ್ದೇ, ಒಂದು ಲೆಕ್ಕ ಇದೆ. ಹೀಗಾಗಿ ಹಬ್ಬ ಮಾರ್ಚ್ 22ರಿಂದ ಏಪ್ರಿಲ್ 25ರ ಒಳಗೆ ಎಲ್ಲಿ ಬೇಕಾದರೂ ಬೀಳಬಹುದು. 2026ರಲ್ಲಿ ಪಾಸ್ಖ ಏಪ್ರಿಲ್ 5. 2027ರಲ್ಲಿ ಮಾರ್ಚ್ 28, ಅಂದರೆ ಬೂದಿ ಬುಧವಾರ ಫೆಬ್ರವರಿ 10ಕ್ಕೇ ಬಂದುಬಿಡುತ್ತದೆ. 2028ರಲ್ಲಿ ಪಾಸ್ಖ ಏಪ್ರಿಲ್ 16, ಬೂದಿ ಬುಧವಾರ ಮಾರ್ಚ್ 1.

ಬೂದಿ ಬುಧವಾರದಿಂದ ಪಾಸ್ಖಕ್ಕೆ ಎಣಿಸಿದರೆ 46 ದಿನ ಆಗುತ್ತದೆ. ನಲವತ್ತು ದಿನ ಅಂತಾರಲ್ಲ, ಉಳಿದ ಆರು ಎಲ್ಲಿ ಹೋದವು? ಅವು ಭಾನುವಾರಗಳು. ಪ್ರತಿ ಭಾನುವಾರವೂ ಪುನರುತ್ಥಾನದ ದಿನ, ಅದನ್ನು ಉಪವಾಸದ ಲೆಕ್ಕಕ್ಕೆ ಸೇರಿಸುವುದಿಲ್ಲ.

ಈಗ ಅದೇ ಕ್ಯಾಲೆಂಡರಿನಲ್ಲಿ ನಿಮ್ಮ ಮನೆಯ ಕೆಲಸಗಳನ್ನೂ ಗುರುತು ಹಾಕಿ. ನಮ್ಮ ಕಡೆ ತಪಸ್ಸುಕಾಲ ಬರುವುದೇ ಕೈತುಂಬಾ ಕೆಲಸ ಇರುವಾಗ. ರೊಬಸ್ಟಾ ಕೊಯ್ಲಿನ ಕೊನೆ, ಕಾಳುಮೆಣಸಿನ ಕೊಯ್ಲು, ಹೂ ಬರಿಸಲು ಸ್ಪ್ರಿಂಕ್ಲರ್ ಓಡಿಸುವ ರಾತ್ರಿಗಳು. ಹಾಸನ ಪೇಟೆಯಲ್ಲಿ ಇರುವವರಿಗೆ ಮಾರ್ಚ್ ತಿಂಗಳ ಲೆಕ್ಕಪತ್ರ, ಮಕ್ಕಳ ಎಸ್ಸೆಸ್ಸೆಲ್ಸಿ ಪರೀಕ್ಷೆ. ಇದನ್ನೆಲ್ಲ ಮರೆತು "ಈ ಸಲ ದಿನಾ ಬೆಳಗ್ಗೆ ಪೂಜೆಗೆ ಹೋಗ್ತೀನಿ" ಅಂತ ಸಂಕಲ್ಪ ಮಾಡಿದರೆ ಅದು ಎರಡನೇ ವಾರಕ್ಕೇ ಬಿದ್ದುಹೋಗುತ್ತದೆ.

ಬೂದಿ ಬುಧವಾರ

ಹಣೆಗೆ ಬೂದಿ ಇಡುವಾಗ ಗುರುಗಳು ಎರಡರಲ್ಲಿ ಒಂದು ಮಾತು ಹೇಳುತ್ತಾರೆ. ಒಂದು, ನೀನು ಮಣ್ಣು, ಮರಳಿ ಮಣ್ಣಿಗೇ ಸೇರುವೆ ಎಂಬುದನ್ನು ನೆನೆ ಅನ್ನುವ ಮಾತು. ಇನ್ನೊಂದು, ಪಶ್ಚಾತ್ತಾಪಪಟ್ಟು ಶುಭಸಂದೇಶವನ್ನು ನಂಬು ಅನ್ನುವುದು. ಅಂದು ಪೂಜೆಗೆ ಹೋಗಲೇಬೇಕೆಂಬ ಕಡ್ಡಾಯವೇನೂ ಇಲ್ಲ. ಆದರೂ ಭಾನುವಾರ ಕಾಣದ ಮುಖಗಳು ಅಂದು ಕಾಣುತ್ತವೆ. ಯಾವುದೋ ಕಾರಣಕ್ಕೆ ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಸ್ವೀಕರಿಸಲು ಆಗದವರೂ ಬೂದಿ ಹಚ್ಚಿಸಿಕೊಳ್ಳಬಹುದು. ಹಾಗಾಗಿ ಹಿಂದಿನ ಬೆಂಚಿನಲ್ಲೇ ಕೂತುಬಿಡಬೇಡಿ.

ಅಂದು ಓದುವ ಶುಭಸಂದೇಶ ಬೈಬಲಿನ ಮತ್ತಾಯ 6ನೇ ಅಧ್ಯಾಯದ್ದು. ಉಪವಾಸ ಮಾಡುವಾಗ ಮುಖ ತೊಳೆದುಕೋ, ಜೋಲುಮೋರೆ ಹಾಕಬೇಡ ಎನ್ನುತ್ತಾರೆ ಯೇಸುಸ್ವಾಮಿ. "ಮುಖ ತೊಳಿ ಅಂತ ಓದಿ, ಆಮೇಲೆ ಮುಖಕ್ಕೆ ಬೂದಿ ಹಚ್ತಾರಲ್ಲ ಮಿಸ್?" ಅಂತ ಒಬ್ಬ ಹುಡುಗ ಕೇಳಿದ್ದ. ಒಳ್ಳೇ ಪ್ರಶ್ನೆ ಅಲ್ವಾ? ಬೂದಿ ಮೆರೆಯುವುದಕ್ಕಲ್ಲ, ಎಲ್ಲರೂ ಒಂದೇ ಮಣ್ಣು ಅಂತ ಒಟ್ಟಿಗೆ ನಿಂತು ಒಪ್ಪಿಕೊಳ್ಳುವುದಕ್ಕೆ ಅಂದೆ. ಅವನಿಗೆ ಪೂರ್ತಿ ಸಮಾಧಾನ ಆದಂತೆ ಕಾಣಲಿಲ್ಲ. ಆ ಅಧ್ಯಾಯದ ಮೊದಲ 18 ವಚನಗಳನ್ನು ಮನೆಯಲ್ಲಿ ಇನ್ನೊಮ್ಮೆ ನಿಧಾನವಾಗಿ ಓದಿ. ಪ್ರಾರ್ಥನೆ, ಉಪವಾಸ, ದಾನ ಮೂರೂ ಅದರಲ್ಲಿವೆ. ಮೂರರಲ್ಲೂ ಒಂದೊಂದನ್ನು ಮಾತ್ರ ಆರಿಸಿಕೊಳ್ಳಿ. ನನ್ನ ಅನುಭವದಲ್ಲಿ ಪಟ್ಟಿ ಉದ್ದವಾದಷ್ಟೂ ತಪಸ್ಸುಕಾಲ ಬೇಗ ಮುಗಿಯುತ್ತದೆ.

ಉಪವಾಸ: ನಿಯಮ ಎಷ್ಟು, ನಮ್ಮ ಸೇರ್ಪಡೆ ಎಷ್ಟು

ಧರ್ಮಸಭೆಯ ನಿಯಮ ನಾವು ಅಂದುಕೊಂಡಿರುವುದಕ್ಕಿಂತ ಸರಳ. ಕಡ್ಡಾಯ ಉಪವಾಸ ಎರಡೇ ದಿನ, ಬೂದಿ ಬುಧವಾರ ಮತ್ತು ಶುಭ ಶುಕ್ರವಾರ (ಗುಡ್ ಫ್ರೈಡೆ). 18 ತುಂಬಿದವರಿಂದ ಹಿಡಿದು 59 ತುಂಬುವವರೆಗಿನ ಎಲ್ಲರಿಗೂ ಇದು ಅನ್ವಯ. ಉಪವಾಸ ಅಂದರೆ ಪೂರ್ತಿ ಖಾಲಿ ಹೊಟ್ಟೆ ಅಲ್ಲ. ಒಂದು ಹೊತ್ತು ಹೊಟ್ಟೆ ತುಂಬಾ ಊಟ. ಇನ್ನೆರಡು ಹೊತ್ತು ಸ್ವಲ್ಪ ಸ್ವಲ್ಪ, ಎರಡೂ ಸೇರಿದರೂ ಒಂದು ಪೂರ್ತಿ ಊಟ ಆಗಬಾರದು. ಅದೇ ಎರಡು ದಿನ ಮಾಂಸವೂ ಇಲ್ಲ, ಈ ನಿಯಮ 14 ವರ್ಷದಿಂದಲೇ ಶುರು. ತಪಸ್ಸುಕಾಲದ ಉಳಿದ ಶುಕ್ರವಾರಗಳಲ್ಲೂ ಮಾಂಸ ಬಿಡುವುದು ವಾಡಿಕೆ.

ಕಾಯಿಲೆ ಇರುವವರು, ಬಸುರಿ ಬಾಣಂತಿಯರು, ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು, ಬೆವರು ಸುರಿಸಿ ದುಡಿಯುವವರು ಮೈಗೆ ತೊಂದರೆ ಮಾಡಿಕೊಂಡು ಉಪವಾಸ ಇರಬೇಕಿಲ್ಲ. ಸಿಲ್ವರ್ ಮರಕ್ಕೆ ಏಣಿ ಹಾಕಿ ಇಪ್ಪತ್ತು ಅಡಿ ಮೇಲೆ ಮೆಣಸು ಕೊಯ್ಯುವವನಿಗೆ ತಲೆ ತಿರುಗಿದರೆ ಅದು ತಪಸ್ಸಲ್ಲ, ಅಪಘಾತ. ಅಂಥವರು ಬೇರೆ ಏನನ್ನಾದರೂ ಬಿಡಬಹುದು.

ಇನ್ನು ಮೀನು. ಮೀನು ಮಾಂಸದ ಲೆಕ್ಕಕ್ಕೆ ಬರುವುದಿಲ್ಲ, ನಿಯಮ ಮುರಿದಂತೆ ಆಗುವುದಿಲ್ಲ. ಆದರೆ ಕೋಳಿ ಬಿಟ್ಟು, ಘಾಟಿ ಹತ್ತಿ ಬಂದ ತಾಜಾ ಅಂಜಲ್ ಮೀನು ಕೊಂಡು, ಮಸಾಲೆ ಹಚ್ಚಿ ತವಾ ಫ್ರೈ ಮಾಡಿ, "ಇವತ್ತು ಶುಕ್ರವಾರ ಅಲ್ವಾ" ಅಂತ ತಿನ್ನುವುದನ್ನು ನೋಡಿದರೆ ನನಗೆ ನಗು ಬರುತ್ತದೆ. ನಮ್ಮಜ್ಜಿ ಶುಕ್ರವಾರ ಗಂಜಿ, ಹುರುಳಿ ಚಟ್ನಿ ಅಷ್ಟೇ ಇಡುತ್ತಿದ್ದರು. ಮಿಕ್ಕಿದ ದುಡ್ಡು ಹಿಟ್ಟಿನ ಡಬ್ಬದ ಪಕ್ಕದ ಒಂದು ತಗಡಿನ ಡಬ್ಬಿಗೆ ಬೀಳುತ್ತಿತ್ತು. ನನಗೆ ಉಪವಾಸ ಅರ್ಥವಾಗಿದ್ದು ಆ ಡಬ್ಬಿಯಿಂದ. ಯೆಶಾಯ 58ನೇ ಅಧ್ಯಾಯ ಓದಿ, ಅಲ್ಲಿ ದೇವರು ಕೇಳುವುದೂ ಅದನ್ನೇ. ನೀನು ಬಿಟ್ಟ ಅನ್ನ ಹಸಿದವನ ತಟ್ಟೆಗೆ ಹೋಯಿತಾ ಇಲ್ಲವಾ?

ಕಾಫಿ ವಿಷಯ ಹೇಳದೆ ಮುಂದೆ ಹೋದರೆ ನಮ್ಮ ಜಿಲ್ಲೆಗೇ ಅವಮಾನ. ಒಂದು ವರ್ಷ ನಾನು ನಲವತ್ತು ದಿನ ಕಾಫಿ ಬಿಡುತ್ತೇನೆ ಅಂತ ಹೊರಟೆ. ಮೂರನೇ ದಿನಕ್ಕೆ ತಲೆನೋವು. ಐದನೇ ದಿನಕ್ಕೆ ಮನೆಯವರ ಮೇಲೆಲ್ಲ ಸಿಡಿಮಿಡಿ. ಒಂದು ಬೆಳಗ್ಗೆ ಅಮ್ಮ ಸುಮ್ನೆ ಒಂದು ಲೋಟ ಕಾಫಿ ತಂದು ಮುಂದಿಟ್ಟರು. "ಕಾಫಿ ಬಿಟ್ಟೋಳು ನೀನು, ಶಿಲುಬೆ ಹೊರೋರು ನಾವಾ? ಕುಡಿ ಮೊದ್ಲು" ಅಂದರು. ಕುಡಿದೆ. ಅಂದಿನಿಂದ ನಾನು ಬಿಡುವುದು ಕಾಫಿಯ ಜೊತೆ ಕೈಗೆ ಬರುವ ಮೊಬೈಲನ್ನು. ಅದಕ್ಕೆ ತಲೆನೋವು ಬರುವುದಿಲ್ಲ. ಆದರೆ ಕಾಫಿಗಿಂತ ಕಷ್ಟ.

ಪರಮಪ್ರಸಾದಕ್ಕೆ ಮೊದಲಿನ ಉಪವಾಸ ಬೇರೆ. ಸ್ವೀಕರಿಸುವ ಮೊದಲು ಒಂದು ಗಂಟೆ ಏನೂ ತಿನ್ನಬಾರದು, ಕುಡಿಯಬಾರದು. ನೀರು, ಔಷಧಿಗೆ ಅಡ್ಡಿಯಿಲ್ಲ. ಹಾಲಿಲ್ಲದ ಕಪ್ಪು ಕಾಫಿ ನೀರಿನ ಲೆಕ್ಕಕ್ಕೆ ಬರುತ್ತದಾ ಅಂತ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಬರುವುದಿಲ್ಲ.

ಪ್ರಾರ್ಥನೆಯನ್ನು ಈಗಾಗಲೇ ಇರುವ ಒಂದು ಹೊತ್ತಿಗೆ ಕಟ್ಟಿಹಾಕಿ

ಹೊಸ ಹೊತ್ತು ಹುಡುಕಲು ಹೋಗಬೇಡಿ, ಸಿಗುವುದಿಲ್ಲ. ಒಲೆಯ ಮೇಲೆ ಅನ್ನ ಬೇಯುವ ಹದಿನೈದು ನಿಮಿಷ, ಸಕಲೇಶಪುರದಿಂದ ಹಾಸನಕ್ಕೆ ಹೋಗುವ ಬಸ್ಸು, ಮಕ್ಕಳನ್ನು ಮಲಗಿಸುವ ಹೊತ್ತು, ಹೀಗೆ ದಿನಾ ಬರುವ ಒಂದಕ್ಕೆ ಪ್ರಾರ್ಥನೆಯನ್ನು ಗಂಟು ಹಾಕಿ. ಆ ದಿನದ ಶುಭಸಂದೇಶ ಒಮ್ಮೆ ಓದಿ. ಮನಸ್ಸಿಗೆ ತಾಗಿದ ಒಂದೇ ಮಾತನ್ನು ಹಿಡಿದುಕೊಳ್ಳಿ. ಅದರ ಬಗ್ಗೆ ದೇವರ ಹತ್ತಿರ ನಿಮ್ಮ ಮನೆಮಾತಿನಲ್ಲೇ ಎರಡು ಮಾತಾಡಿ, ಅದು ಕನ್ನಡವೋ ಕೊಂಕಣಿಯೋ ತಮಿಳೋ ಯಾವುದಾದರೂ ಸರಿ. ಆಮೇಲೆ ಒಂದು ನಿಮಿಷ ಸುಮ್ಮನಿರಿ. ಕೊನೆಗೆ ಒಂದು ಪರಲೋಕ ಮಂತ್ರ. ಏನು ಹೇಳಬೇಕೆಂದು ತೋಚದ ದಿನ 51ನೇ ಕೀರ್ತನೆ ಓದಿದರೆ ಸಾಕು.

ಶುಕ್ರವಾರಕ್ಕೆ ಶಿಲುಬೆಯ ಹಾದಿ ಇದ್ದೇ ಇದೆ, ಯೇಸು ಶಿಲುಬೆ ಹೊತ್ತು ನಡೆದ ದಾರಿಯನ್ನು ಸ್ಥಳ ಸ್ಥಳವಾಗಿ ನೆನೆಯುವ ಪ್ರಾರ್ಥನೆ. ಚರ್ಚಿಗೆ ಹೋಗಲು ಆಗದಿದ್ದರೆ ಮನೆಯಲ್ಲೇ ಮಾಡಿ. ಹದಿನಾಲ್ಕು ಸ್ಥಳಗಳನ್ನೂ ಒಂದೇ ಉಸಿರಿನಲ್ಲಿ ಓದಿ ಮುಗಿಸುವ ಬದಲು, ಮಕ್ಕಳಿದ್ದರೆ ವಾರಕ್ಕೆ ಎರಡು ಮೂರು ಸ್ಥಳ ಸಾಕು. ನಮ್ಮ ಮಕ್ಕಳಿಗೆ ಇಷ್ಟವಾಗುವುದು ಐದನೆಯದು. ಹೊಲದಿಂದ ಮನೆಗೆ ಬರುತ್ತಿದ್ದ ಸಿರೇನಿನ ಸಿಮೋನನನ್ನು ಹಿಡಿದು ಶಿಲುಬೆ ಹೊರಿಸಿದ್ದು. "ಅವನು ಮನಸ್ಸಿಟ್ಟು ಹೊತ್ತಿದ್ದಲ್ಲ, ಬಲವಂತಕ್ಕೆ ಹೊತ್ತಿದ್ದು" ಅಂದರೆ ಅವರ ಮುಖ ಅರಳುತ್ತದೆ. ಬಲವಂತಕ್ಕೆ ಚರ್ಚಿಗೆ ಬಂದವರೇ ಅಲ್ವಾ ಅರ್ಧ ಜನ.

ದಾನದ ಡಬ್ಬಿ

ಬಿಟ್ಟಿದ್ದಕ್ಕೆ ಬೆಲೆ ಕಟ್ಟಿ. ಶುಕ್ರವಾರ ಕೋಳಿ ತರಲಿಲ್ಲವಾ? ಆ ದುಡ್ಡು ಅದೇ ದಿನ ಡಬ್ಬಿಗೆ ಹಾಕಿ. ತಿಂಗಳ ಕೊನೆಗೆ ನೋಡೋಣ ಅಂದರೆ ಆ ದುಡ್ಡು ಬೇರೆಲ್ಲೋ ಕರಗಿರುತ್ತದೆ. ತುಂಬಿದ ಡಬ್ಬಿ ಯಾರಿಗೆ ಹೋಗಬೇಕು ಅಂತ ಮೊದಲೇ ತೀರ್ಮಾನ ಮಾಡಿ. ನಿಮ್ಮ ಧರ್ಮಕೇಂದ್ರದಲ್ಲಿ, ಅಂದರೆ ನಿಮ್ಮ ಊರ ಚರ್ಚಿನಲ್ಲಿ, ಬಡವರಿಗೆ ನೆರವಾಗುವ ಸಂತ ವಿನ್ಸೆಂಟ್ ದಿ ಪೌಲ್ ಸಭೆ ಇದ್ದರೆ, ಯಾವ ಮನೆಯಲ್ಲಿ ಔಷಧಿಗೆ ದುಡ್ಡಿಲ್ಲ ಅಂತ ಅವರಿಗೆ ಗೊತ್ತಿರುತ್ತದೆ. ಇಲ್ಲದಿದ್ದರೆ ನಿಮ್ಮ ಸುತ್ತಲೇ ನೋಡಿ. ಕೊಯ್ಲಿಗೆಂದು ದೂರದ ಊರಿಂದ ಬಂದು ಲೈನ್ ಮನೆಯಲ್ಲಿರುವವರ ಮಕ್ಕಳಿಗೆ ಚಪ್ಪಲಿ ಇದೆಯಾ? ಕೂಲಿಯವರ ಬಟವಾಡೆ ಬಾಕಿ ಉಳಿಸಿಕೊಂಡು ಚರ್ಚಿನ ಡಬ್ಬಿಗೆ ನೋಟು ಹಾಕುವುದು ದಾನ ಅಲ್ಲ. ಮೊದಲು ಬಾಕಿ ಕೊಡಿ.

ಪಾಪನಿವೇದನೆ: ಎಂಟು ವರ್ಷ ಆದರೂ ಪರವಾಗಿಲ್ಲ

ಗುಡ್ ಫ್ರೈಡೆ ದಿನ ಉದ್ದ ಸಾಲಿನಲ್ಲಿ ನಿಂತು ಎರಡು ನಿಮಿಷದಲ್ಲಿ ಮುಗಿಸುವುದಕ್ಕಿಂತ, ಮೂರನೇ ವಾರದ ಒಂದು ಸಂಜೆ ಫಾದರ್ ಹತ್ತಿರ ಸಮಯ ಕೇಳಿಕೊಂಡು ಹೋಗಿ. ಊರಿನ ಫಾದರ್ ಹತ್ತಿರ ಸಂಕೋಚ ಆದರೆ ಬೇರೆ ಧರ್ಮಕೇಂದ್ರಕ್ಕೆ ಹೋಗಬಹುದು. ಹಬ್ಬ ಹತ್ತಿರ ಬಂದಾಗ ಅಕ್ಕಪಕ್ಕದ ಗುರುಗಳು ಒಟ್ಟಾಗಿ ಒಂದೊಂದು ಚರ್ಚಿಗೆ ಬಂದು ಪಾಪನಿವೇದನೆ ಕೇಳುವುದೂ ಉಂಟು. ಯಾರ ಹತ್ತಿರ ಹೇಳಿದರೂ ಅದು ಅಲ್ಲಿಗೇ ಮುಗಿಯಿತು. ಕೇಳಿದ್ದನ್ನು ಯಾವ ಕಾರಣಕ್ಕೂ ಹೊರಗೆ ಹೇಳುವ ಅಧಿಕಾರ ಗುರುಗಳಿಗಿಲ್ಲ.

ಹೋಗುವ ಮುಂಚಿನ ರಾತ್ರಿ ಹತ್ತು ಆಜ್ಞೆಗಳನ್ನು ಮುಂದಿಟ್ಟುಕೊಂಡು ಕುಳಿತುಕೊಳ್ಳಿ. ಪ್ರಶ್ನೆಗಳನ್ನು ನಿಮ್ಮ ಬದುಕಿನ ಭಾಷೆಯಲ್ಲಿ ಕೇಳಿಕೊಳ್ಳಿ. ತೋಟದ ಬೇಲಿ ವಿಷಯಕ್ಕೆ ಅಣ್ಣನ ಜೊತೆ ಮಾತು ಬಿಟ್ಟು ಎಷ್ಟು ವರ್ಷ ಆಯಿತು? ವಾಟ್ಸಾಪಿನಲ್ಲಿ ಯಾರ ಮಾನ ಕಳೆದೆ? ತೂಕದಲ್ಲಿ, ಲೆಕ್ಕದಲ್ಲಿ ಯಾರಿಗೆ ಮೋಸ ಮಾಡಿದೆ? ಕುಡಿದು ಮನೆಗೆ ಬಂದ ರಾತ್ರಿ ಮಕ್ಕಳು ಎಲ್ಲಿ ಅಡಗಿದ್ದರು?

ಒಳಗೆ ಹೋದಾಗ ಶಿಲುಬೆ ಗುರುತು ಹಾಕಿ, "ಫಾದರ್, ನನ್ನನ್ನು ಆಶೀರ್ವದಿಸಿ, ನಾನು ಪಾಪ ಮಾಡಿದ್ದೇನೆ. ಕೊನೇ ಸಲ ಪಾಪನಿವೇದನೆ ಮಾಡಿ ಇಷ್ಟು ವರ್ಷ ಆಯಿತು" ಅನ್ನಿ. ದೊಡ್ಡ ಪಾಪಗಳನ್ನು ನೇರವಾಗಿ ಹೇಳಿ, ಎಷ್ಟು ಸಲ ಅಂತಲೂ ಹೇಳಿ. ಗಂಡನ ಪಾಪ, ಅತ್ತೆಯ ಪಾಪ ಹೇಳಬೇಡಿ. ಅದನ್ನು ಅವರೇ ಬಂದು ಹೇಳಲಿ. ಪಶ್ಚಾತ್ತಾಪದ ಪ್ರಾರ್ಥನೆ ಮರೆತುಹೋಗಿದ್ದರೆ "ಮರೆತಿದ್ದೇನೆ ಫಾದರ್" ಅನ್ನಿ, ಅವರು ಹೇಳಿಕೊಡುತ್ತಾರೆ. ಕೊಟ್ಟ ಪ್ರಾಯಶ್ಚಿತ್ತವನ್ನು ಚರ್ಚಿನಿಂದ ಹೊರಡುವ ಮೊದಲೇ ಮುಗಿಸಿ. ಅಣ್ಣನ ಮನೆಗೆ ಹೋಗುವುದು ಮಾತ್ರ ಸ್ವಲ್ಪ ನಿಧಾನ ಆಗಬಹುದು.

ನಡುವಿನ ವಾರಗಳು

ಮೂರನೇ ವಾರಕ್ಕೆ ಸುಸ್ತು ಬರುತ್ತದೆ. ಸಂಕಲ್ಪ ಮುರಿದಿದ್ದರೆ ಮರುದಿನ ಮತ್ತೆ ಶುರು ಮಾಡಿ, ಅಷ್ಟೇ. ನಾಲ್ಕನೇ ಭಾನುವಾರ ಧರ್ಮಸಭೆಯೇ ಸ್ವಲ್ಪ ಉಸಿರು ಬಿಡುತ್ತದೆ. ನೇರಳೆ ಬದಲು ಗುಲಾಬಿ ಬಣ್ಣದ ಪೂಜಾವಸ್ತ್ರ, ಬಲಿಪೀಠಕ್ಕೆ ಹೂವು.

ಮಾರ್ಚ್ 19 ಸಂತ ಜೋಸೆಫರ ಹಬ್ಬ. ಚಿಕ್ಕಮಗಳೂರಿನ ಪ್ರಧಾನಾಲಯ, ಅಂದರೆ ಬಿಷಪರ ಚರ್ಚು, ಅವರ ಹೆಸರಿನದ್ದೇ. 1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯ ಆದಾಗಿನಿಂದ ಹಾಸನ ಜಿಲ್ಲೆಯವರಿಗೂ ಅದೇ ತಾಯಿ ಚರ್ಚು. 2026ರಲ್ಲಿ ಯುಗಾದಿಯೂ ಅದೇ ದಿನ ಬಿತ್ತು. "ಸಿಹಿ ಬಿಟ್ಟಿದ್ದೇನೆ, ಪಕ್ಕದ ಮನೆಯವರು ಹೋಳಿಗೆ ಕೊಟ್ಟರೆ ಏನು ಮಾಡೋದು?" ಅಂತ ಕೇಳಿದರೆ ನನ್ನ ಉತ್ತರ: ತಿನ್ನಿ, ಖುಷಿಯಿಂದ ತಿನ್ನಿ. 2027ರಲ್ಲಿ ಈ ಹಬ್ಬ ಶುಕ್ರವಾರ ಬರುತ್ತದೆ. ಇಂಥ ಮಹೋತ್ಸವ ಶುಕ್ರವಾರ ಬಂದರೆ ಅಂದು ಮಾಂಸ ಬಿಡುವ ನಿಯಮ ಇರುವುದಿಲ್ಲ.

ಒಂದು ದಿನ ಮನೆಯವರೆಲ್ಲ ಎಲ್ಲಾದರೂ ಹೋಗಬೇಕು ಅನಿಸಿದರೆ ಶೆಟ್ಟಿಹಳ್ಳಿಗೆ ಹೋಗಿ. ಹಾಸನದಿಂದ ಸುಮಾರು 20 ಕಿಲೋಮೀಟರ್. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಜಪಮಾಲೆ ಮಾತೆಯ ಚರ್ಚು ಗೊರೂರಿನ ಹೇಮಾವತಿ ಹಿನ್ನೀರಿಗೆ ಸಿಕ್ಕಿತು. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ನೀರು ಇಳಿದಾಗ ಒಣನೆಲದ ಮೇಲೆ ನಿಂತಿರುತ್ತದೆ. ತಪಸ್ಸುಕಾಲ ಬರುವುದೂ ಆಗಲೇ. ಫೋಟೋ ತೆಗೆಯುವವರ ಗದ್ದಲ ಇರುತ್ತದೆ, ಬೆಳಗ್ಗೆ ಬೇಗ ಹೋದರೆ ಒಳ್ಳೆಯದು. ಗೋಡೆಗಳು ಶಿಥಿಲವಾಗಿವೆ, ಕೆಳಗೆ ನಿಲ್ಲಬೇಡಿ. ದೂರದಲ್ಲಿ ಕೂತು ಒಂದು ಜಪಮಾಲೆ ಹೇಳಿ ಬನ್ನಿ. ಆ ಹಳ್ಳಿಯ ಜನ ಬೇರೆ ಕಡೆ ಹೋಗಿ ಮತ್ತೆ ಮನೆ ಕಟ್ಟಿಕೊಂಡರು, ಮತ್ತೆ ಚರ್ಚು ಕಟ್ಟಿಕೊಂಡರು.

ಪವಿತ್ರ ವಾರ

ಗರಿಗಳ ಭಾನುವಾರ ಬೇಗ ಹೋಗಿ, ಮೆರವಣಿಗೆ ಹೊರಗಿನಿಂದ ಶುರುವಾಗುತ್ತದೆ. ಯೇಸುವಿನ ಪಾಡಿನ, ಅಂದರೆ ಸಂಕಟ ಮತ್ತು ಮರಣದ, ಕಥೆಯನ್ನು ಪೂರ್ತಿ ಓದುತ್ತಾರೆ, ನಿಲ್ಲಲು ಆಗದ ಹಿರಿಯರು ಕುಳಿತು ಕೇಳಬಹುದು. ಮಕ್ಕಳು ಗರಿ ಹೆಣೆದು ಶಿಲುಬೆ ಮಾಡುತ್ತಿದ್ದರೆ ಬಯ್ಯಬೇಡಿ.

ಪವಿತ್ರ ಗುರುವಾರ ಸಂಜೆ ಪಾದ ತೊಳೆಯುವ ವಿಧಿ. 2016ರಿಂದ ಹೆಂಗಸರ ಪಾದವನ್ನೂ ತೊಳೆಯಲು ಅವಕಾಶ ಆಗಿದೆ. ಹೋದ ಸಲ ಒಬ್ಬ ಅಜ್ಜಿಯ ಪಾದ ನೋಡಿದೆ. ಹಿಮ್ಮಡಿ ಒಡೆದು, ಬಿರುಕಿನೊಳಗೆ ತೋಟದ ಕೆಂಪು ಮಣ್ಣು ಹೋಗದ ಹಾಗೆ ಕೂತಿತ್ತು. ತೊಳೆದ ನೀರು ಸ್ವಲ್ಪ ಕೆಂಪಾಯಿತು. ಅಜ್ಜಿ ನಾಚಿ ಸೆರಗು ಬಾಯಿಗೆ ಹಿಡಿದರು. ಪೂಜೆ ಮುಗಿದ ಮೇಲೆ ಪರಮಪ್ರಸಾದವನ್ನು ಬೇರೆ ಕಡೆ ಇಟ್ಟು, ಬಲಿಪೀಠದ ಬಟ್ಟೆ ತೆಗೆದು ಬರಿದು ಮಾಡುತ್ತಾರೆ. ಆಗ ಒಂದು ಗಂಟೆ ಅಲ್ಲೇ ಕುಳಿತಿರಿ.

ಶುಭ ಶುಕ್ರವಾರ ಪೂಜೆ ಇರುವುದಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ವಿಧಿ ಶುರು. ಗಂಟೆ ಬಾರಿಸುವುದಿಲ್ಲ, ಹಾಡಿಲ್ಲದ ಮೌನದಲ್ಲಿ ಗುರುಗಳು ಬಲಿಪೀಠದ ಮುಂದೆ ನೆಲಕ್ಕೆ ಮಲಗುತ್ತಾರೆ. ಯೊವಾನ್ನನ ಶುಭಸಂದೇಶದಿಂದ ಪಾಡಿನ ವಾಚನ, ಲೋಕಕ್ಕೆಲ್ಲ ಹತ್ತು ಪ್ರಾರ್ಥನೆಗಳು, ಶಿಲುಬೆಯ ಆರಾಧನೆ. ಅಂದು ಕೊಡುವ ಪರಮಪ್ರಸಾದ ಹಿಂದಿನ ದಿನದ್ದು.

ಶನಿವಾರ ಹಗಲು ಏನೂ ಇಲ್ಲ. ಮನೆಯಲ್ಲಿ ಹಂದಿ ಮಾಂಸಕ್ಕೆ ಮಸಾಲೆ ಅರೆಯುವುದು, ಕಡುಬಿಗೆ ಅಕ್ಕಿ ತರಿ ಮಾಡುವುದು ನಡೆದೇ ಇರುತ್ತದೆ. ಆದರೂ ಮಧ್ಯಾಹ್ನ ಎರಡು ಗಂಟೆ ಮಿಕ್ಸಿ ನಿಲ್ಲಿಸಿ.

ರಾತ್ರಿಯ ಪಾಸ್ಖ ಜಾಗರಣೆಯನ್ನು ಮಾತ್ರ ತಪ್ಪಿಸಬೇಡಿ. ಬೆಳಗಿನ ಪೂಜೆಗೆ ಹೋದರಾಯಿತು ಅಂತ ನಾನೂ ಎಷ್ಟೋ ವರ್ಷ ತಪ್ಪಿಸಿದೆ. ಇಡೀ ವರ್ಷದ ದೊಡ್ಡ ರಾತ್ರಿ ಅದು. ಅಂಗಳದಲ್ಲಿ ಬೆಂಕಿ ಹಾಕಿ, ಆ ವರ್ಷದ ಅಂಕಿಗಳನ್ನು ಬರೆದ ದೊಡ್ಡ ಮೇಣದ ಬತ್ತಿಗೆ ಐದು ಧೂಪದ ಕಾಳು ಚುಚ್ಚಿ ಹಚ್ಚುತ್ತಾರೆ. ಕತ್ತಲ ಚರ್ಚಿಗೆ ಆ ಒಂದೇ ಬೆಳಕು ಹೋಗುತ್ತದೆ. ಅದರಿಂದ ಒಬ್ಬರ ಬತ್ತಿ, ಅವರಿಂದ ಪಕ್ಕದವರ ಬತ್ತಿ. ಒಂದು ವರ್ಷ ಸಂಜೆ ಗುಡುಗು ಮಳೆ ಬಂದು ಕರೆಂಟ್ ಹೋಗಿತ್ತು. ಲೈಟ್ ಆರಿಸುವ ಕೆಲಸವೇ ಇರಲಿಲ್ಲ. ಸೌದೆ ಒದ್ದೆಯಾಗಿ ಬೆಂಕಿ ಹತ್ತದೆ, ಯಾರೋ ಮನೆಗೆ ಓಡಿ ಒಣ ತೆಂಗಿನ ಚಿಪ್ಪು ತಂದರು. ಪಕ್ಕದ ತೋಟದಲ್ಲಿ ಕಾಫಿ ಹೂ ಬಿಟ್ಟಿತ್ತು. ಮಲ್ಲಿಗೆಯಂಥ ಆ ಗಾಳಿಯಲ್ಲಿ, ಕತ್ತಲಲ್ಲಿ ನಿಂತು ಮೊದಲ ಕಿಡಿಗೆ ಕಾದ ಹತ್ತು ನಿಮಿಷ ನನಗೆ ಯಾವ ಪ್ರವಚನಕ್ಕಿಂತಲೂ ಜಾಸ್ತಿ ನೆನಪಿದೆ.

ಹಳೆ ಒಡಂಬಡಿಕೆಯ ಏಳು ವಾಚನಗಳಿರುತ್ತವೆ. ಕಡಿಮೆ ಮಾಡಿದರೂ ಕೆಂಪು ಸಮುದ್ರ ದಾಟಿದ ಕಥೆಯನ್ನು ಬಿಡುವಂತಿಲ್ಲ. ಮಕ್ಕಳಿಗೆ ಮಧ್ಯಾಹ್ನ ನಿದ್ದೆ ಮಾಡಿಸಿ, ಕಥೆಗಳನ್ನು ಮೊದಲೇ ಹೇಳಿಡಿ. ಸ್ವೆಟರ್ ಒಯ್ಯಿರಿ. ಬತ್ತಿಗೆ ಕಾಗದದ ಬಿಲ್ಲೆ ಸಿಕ್ಕಿಸಿ, ಇಲ್ಲದಿದ್ದರೆ ಮುಂದಿನವರ ಸೀರೆಗೆ ಮೇಣ. ಸ್ನಾನದೀಕ್ಷೆಯ (ಬ್ಯಾಪ್ಟಿಸಮ್) ವಾಗ್ದಾನವನ್ನು ಮತ್ತೆ ಹೇಳುವಾಗ ಬಾಯಿಪಾಠ ಒಪ್ಪಿಸಿದಂತೆ ಹೇಳಬೇಡಿ. ಈ ನಲವತ್ತು ದಿನ ಮಾಡಿದ್ದೆಲ್ಲ ಆ ಕೆಲವು "ಹೌದು"ಗಳಿಗಾಗಿಯೇ.

ಹಬ್ಬ ಒಂದು ದಿನದ್ದಲ್ಲ

ತಪಸ್ಸಿಗೆ ನಲವತ್ತು ದಿನ, ಹಬ್ಬಕ್ಕೆ ಐವತ್ತು ದಿನ. ಪವಿತ್ರಾತ್ಮ ಇಳಿದುಬಂದ ಹಬ್ಬವಾದ ಪೆಂತೆಕೋಸ್ತ್‌ವರೆಗೂ ಪಾಸ್ಖವೇ. 2027ರಲ್ಲಿ ಅದು ಮೇ 16. ನಾವು ಸೋಮವಾರವೇ ಎಲ್ಲ ಮರೆತುಬಿಡುತ್ತೇವೆ. ಬಿಟ್ಟಿದ್ದನ್ನು ಧಾರಾಳವಾಗಿ ತಿನ್ನಿ, ಕುಡಿಯಿರಿ. ಆದರೆ ಅನ್ನ ಬೇಯುವ ಹೊತ್ತಿನ ಆ ಹದಿನೈದು ನಿಮಿಷ ಹಾಗೇ ಇರಲಿ. ಓದುವುದು ಮಾತ್ರ ಬದಲಾಗಲಿ. ಯೊವಾನ್ನ 20ರಲ್ಲಿ ಮಗ್ದಲದ ಮರಿಯಳು ಯೇಸುವನ್ನು ತೋಟದ ಮಾಲಿ ಅಂದುಕೊಂಡಿದ್ದು, ಲೂಕ 24ರಲ್ಲಿ ಎಮ್ಮಾವು ಊರಿನ ದಾರಿಯಲ್ಲಿ ಇಬ್ಬರು ಶಿಷ್ಯರ ಜೊತೆ ಗುರುತು ಸಿಗದ ಯೇಸು ನಡೆದಿದ್ದು.

ಎಮ್ಮಾವು ಭಾಗವನ್ನು ಓದುವ ದಿನ ಮನೆಯಿಂದ ಹೊರಗೆ ಬನ್ನಿ. ಮಾತು ಬಿಟ್ಟವರ ಜೊತೆ ಒಂದು ಫರ್ಲಾಂಗ್ ನಡೆಯಿರಿ. ತೋಟ, ಮಳೆ, ಮೆಣಸಿನ ರೇಟು, ಏನಾದರೂ ಮಾತಾಡಿ. ಹಿಂದೆ ಬರುವಾಗ ಊಟಕ್ಕೆ ಕರೆಯಿರಿ. ಅಡುಗೆಮನೆಯ ಆ ತಗಡಿನ ಡಬ್ಬಿಯನ್ನು ಖಾಲಿ ಮಾಡಿ, ತೊಳೆದು, ಒಣಗಿಸಿ, ಹಿಟ್ಟಿನ ಡಬ್ಬದ ಪಕ್ಕದಲ್ಲೇ ಮತ್ತೆ ಇಡಿ. ಹೊಸ ಗರಿ ಪಟದ ಹಿಂದೆ ಹೋಗಲಿ.